ನೇಪಾಳದಲ್ಲಿ ನಾನು ಇಡದೆ ಬಂದ ಬೊಟ್ಟು

ವಿರೂಪಾಕ್ಷಿಪುರ, ಹೊರಡುವ ಮುಂಚೆ

ಅವತ್ತು ಗುರುವಾರ. ದೇವರ ಪಾತ್ರೆಗಳಿಗೆಲ್ಲ ಹುಣಸೆಹಣ್ಣು ಬಳಿದು ಹಿತ್ತಲ ಕಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದೆ. ತಂಬಿಗೆ, ದೀಪದ ಕಂಬ, ಹರಿವಾಣ, ಗಂಟೆ. ಇನ್ನೇನು ಕೂತು ಉಜ್ಜಬೇಕು, ಒಳಗೆ ಅತ್ತೆಯ ಫೋನು ಬಡಿದುಕೊಂಡಿತು. ಅತ್ತೆಗೆ ಕಿವಿ ಮಂದ. ಯಾರು ಫೋನು ಮಾಡಿದರೂ ಸ್ಪೀಕರು ಹಾಕಿಯೇ ಮಾತಾಡುತ್ತಾರೆ. ಹಾಗಾಗಿ ನಮ್ಮ ಮನೆಯ ಗುಟ್ಟು ಎದುರುಮನೆಯ ಎಮ್ಮೆಗೂ ಗೊತ್ತು.

"ಅವ್ವಾ, ನಾನು ಕಣವ್ವ."

ಅತ್ತೆಯ ಮಗ. ಹನ್ನೆರಡು ವರ್ಷ ನನ್ನ ಗಂಡನೂ ಆಗಿದ್ದವರು. ಗಂಡನಾಗಿದ್ದಾಗಲೇ ನಾನು ಅವರ ಹೆಸರು ಹಿಡಿದು ಕರೆದವಳಲ್ಲ, ಈಗಂತೂ ಕರೆಯುವ ಬಾಬತ್ತೇ ಇಲ್ಲ. ನಾಲ್ಕು ವರ್ಷದ ಹಿಂದೆ ಕೆಲಸ ಅಂತ ಕನಕಪುರಕ್ಕೆ ಹೋದವರು ಅಲ್ಲೇ ಒಬ್ಬಳ ಜೊತೆ ಮನೆ ಮಾಡಿಬಿಟ್ಟರು. ಹೋದ ವರ್ಷ ರಾಮನಗರದ ಕೋರ್ಟಿನಲ್ಲಿ ನಾನೂ ಸಹಿ ಹಾಕಿ ಬಂದೆ. ಮಗ ಬಿಟ್ಟು ಹೋದರೂ ಅತ್ತೆ ನನ್ನನ್ನು ಬಿಡಲಿಲ್ಲ. "ಇವ್ಳು ನನ್ನ ಮನೆಗೆ ಬಂದವ್ಳು, ನನ್ನ ಜೊತೇಲೇ ಇರ್ತಾಳೆ" ಅಂದರು. ದೇವರು ನನ್ನಿಂದ ಒಂದು ಕಿತ್ತುಕೊಂಡು ಒಂದು ಉಳಿಸಿದ ಅಂತ ದಿನಾ ದೀಪ ಹಚ್ಚುವಾಗ ನೆನೆಯುತ್ತೇನೆ.

"ದೀಪಾವಳಿಗೆ ನಾವಿಬ್ರೂ ಬತ್ತೀವಿ ಕಣವ್ವ. ಹಿರೀಕರಿಗೆ ಎಡೆ ಇಡೋದು ಈ ಸಲ ಅವ್ಳೇ ಮಾಡ್ತಾಳಂತೆ."

ಹದಿನಾರು ವರ್ಷ ಆ ಎಡೆ ಇಟ್ಟವಳು ನಾನು. ಮಾವನವರಿಗೆ ಕಜ್ಜಾಯ ಎಷ್ಟು ಕೆಂಪಗೆ ಬೇಯಬೇಕು ಅಂತ ಅವಳಿಗೇನು ಗೊತ್ತು? ಅವಳನ್ನು ನಾನು ಎದುರಿಗೆ ಕಂಡಿಲ್ಲ. ಯಾರೋ ಕಳಿಸಿದ ಒಂದು ಫೋಟೊ ನನ್ನ ಫೋನಿನಲ್ಲಿದೆ. ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದೇನೆ. ಮೂಗುಬೊಟ್ಟು ನೋಡಿದ್ದೇನೆ, ಜಡೆ ನೋಡಿದ್ದೇನೆ, ಹಿಂದೆ ಕಟ್ಟೆಯ ಮೇಲೆ ಕಾಣುವ ಮಿಕ್ಸಿಯನ್ನೂ ನೋಡಿದ್ದೇನೆ. ದಿನಾ ಪೂಜೆ ಮಾಡುವವಳು ಹೇಳಬಾರದ ಮಾತು, ಆದರೂ ಹೇಳುತ್ತೇನೆ: ಆ ಮಿಕ್ಸಿ ಕೆಟ್ಟುಹೋಗಲಿ ಅಂತ ಕೈಮುಗಿದು ಕೇಳಿಕೊಂಡದ್ದೂ ಇದೆ.

"ದೀಪಾವಳಿಗೆ ನಾವು ಊರಲ್ಲಿರಾಕಿಲ್ಲ ಕಣ್ಲಾ" ಅಂದರು ಅತ್ತೆ.

"ಎಲ್ಲಿಗೋಯ್ತೀರವ್ವಾ?"

ಅತ್ತೆ ಗೋಡೆ ನೋಡಿದರು. ಅಲ್ಲಿ ಯಾತ್ರೆ ಬಸ್ಸಿನವರು ಕೊಟ್ಟ ಕ್ಯಾಲೆಂಡರು ನೇತಾಡುತ್ತಿತ್ತು. ಆ ತಿಂಗಳ ಚಿತ್ರ ಪಶುಪತಿನಾಥನ ಗುಡಿ.

"ನೇಪಾಳುಕ್ಕೆ."

ಫೋನು ಇಟ್ಟ ಮೇಲೆ ಓಡಿಬಂದು ಕೇಳಿದೆ. "ಯಾಕತ್ತೆ ಹಂಗಂದ್ರಿ?"

"ಬಾಯಿಗೆ ಬಂತು, ಅಂದೆ. ಈಗ ಹೋಗ್ಲೇಬೇಕು ಸರೋಜ. ದೇವ್ರ ಮೊಕ ನೋಡ್ಕಂಡು ಸುಳ್ಳು ಹೇಳ್ದಂಗಾಯ್ತದೆ."

ಹಾಗೆ ನಾವು ಪರದೇಶಕ್ಕೆ ಹೊರಟದ್ದು. ಅತ್ತೆಯ ಸುಳ್ಳನ್ನು ನಿಜ ಮಾಡಲಿಕ್ಕೆ.

ಸುನೌಲಿ

ಪರದೇಶ ಅಂದರೆ ಸಮುದ್ರ ದಾಟಬೇಕು, ವಿಮಾನ ಹತ್ತಬೇಕು ಅಂದುಕೊಂಡಿದ್ದೆ. ಇಲ್ಲಿ ಒಂದು ಕಮಾನು. ಈಚೆ ನಮ್ಮ ದೇಶ, ಆಚೆ ಅವರದ್ದು. ರಾಮನಗರದಿಂದ ಚನ್ನಪಟ್ಟಣಕ್ಕೆ ಹೋದಷ್ಟೇ ಸಲೀಸಾಗಿ ಜನ ಸೊಪ್ಪಿನ ಕಟ್ಟು, ಸೈಕಲ್ಲು, ಕೋಳಿ ಹಿಡಿದುಕೊಂಡು ಓಡಾಡುತ್ತಿದ್ದರು. ಕಮಾನು ದಾಟಿದ ಕೂಡಲೇ ಫೋನಿನ ಗಡಿಯಾರ ಕಾಲು ಗಂಟೆ ಮುಂದಕ್ಕೆ ಹೋಯಿತು.

"ಕಾಲ್ಗಂಟೆ ಯಾರು ಕೊಟ್ಟೋರೆ ಇವ್ರಿಗೆ?" ಅಂದರು ಅತ್ತೆ.

ನನಗೆ ಬೇರೆಯೇ ಚಿಂತೆ. ರಾಹುಕಾಲಕ್ಕೂ ಕಾಲು ಗಂಟೆ ಸೇರಿಸಬೇಕೋ ಬೇಡವೋ? ಬಸ್ಸಿನಲ್ಲಿ ಯಾರನ್ನು ಕೇಳಿದರೂ ನಕ್ಕರು. ಕೊನೆಗೆ ಊರಿನದ್ದೂ ಬಿಟ್ಟು, ಇಲ್ಲಿಯದ್ದೂ ಬಿಟ್ಟು, ಎರಡೂ ಮುಗಿಯುವ ತನಕ ಕಾದೆ. ದೇವರಿಗೆ ಎರಡೂ ಕಡೆಯ ಗಡಿಯಾರ ಕಾಣುತ್ತದಲ್ಲ.

ನಮ್ಮ ಬಸ್ಸಿನಲ್ಲಿ ಮೂವತ್ತು ಜನ. ಚನ್ನಪಟ್ಟಣ, ಮಾಗಡಿ, ಕನಕಪುರ ಎಲ್ಲ ಕಡೆಯವರೂ ಇದ್ದರು. ಇಂಥ ಯಾತ್ರೆಗಳಲ್ಲಿ ದೇವರಿಗಿಂತ ಮುಂಚೆ ಅಡುಗೆಯವರು ಯಾರು ಅಂತ ಜನ ಕೇಳುತ್ತಾರೆ. ನಮಗೆ ಸಿಕ್ಕವರು ಮಾಗಡಿ ಕಡೆ ತಿಪ್ಪಸಂದ್ರದ ರಂಗಸ್ವಾಮಿ. ಮದುವೆಗಳಿಗೆ ಅಡುಗೆ ಮಾಡುವವರು. ಐವತ್ತರ ಹತ್ತಿರ ವಯಸ್ಸು, ಹೆಂಡತಿ ತೀರಿಕೊಂಡು ಏಳು ವರ್ಷ, ಒಬ್ಬಳೇ ಮಗಳನ್ನು ಕುದೂರಿಗೆ ಕೊಟ್ಟಿದ್ದಾರೆ. ಬಸ್ಸಿನ ಮೇಲೆ ಗ್ಯಾಸ್ ಒಲೆ, ಕೊಪ್ಪರಿಗೆ, ರಾಗಿಹಿಟ್ಟಿನ ಮೂಟೆ ಕಟ್ಟಿಕೊಂಡು ಬಂದಿದ್ದರು. ಒಲೆಯ ಬಿಸಿಗೆ ಅವರ ಮುಂಗೈಯ ಕೂದಲೆಲ್ಲ ಉದುರಿಹೋಗಿ ಕೈ ನುಣ್ಣಗಿತ್ತು. ಎಲ್ಲರೂ ಅವರನ್ನು ರಂಗಣ್ಣ ಅನ್ನುತ್ತಿದ್ದರು. ನಾನೊಬ್ಬಳು ಅವರನ್ನು ಕರೆಯುವ ಗೋಜಿಗೇ ಹೋಗಲಿಲ್ಲ. ಯಾಕೆಂದರೆ ಮೊದಲ ಊಟಕ್ಕೇ ಅವರ ಮೇಲೆ ನನಗೆ ಸಿಟ್ಟು ಬಂತು.

ರಸ್ತೆ ಬದಿಯ ಮರದ ಕೆಳಗೆ ಎಲೆ ಹಾಕಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಅತ್ತೆ ಒಂದು ತುತ್ತು ನುಂಗಿ ಕಣ್ಣು ಮುಚ್ಚಿದರು.

"ಏನ್ ನುಣ್ಗೈತಪ್ಪಾ! ಸರೋಜ, ನೋಡಿ ಕಲ್ತ್ಕೋ. ನಿನ್ನ ಹಿಟ್ನಲ್ಲಿ ಗಂಟಿರ್ತದೆ."

ಅತ್ತೆ ಮೆಲ್ಲಗೆ ಮಾತಾಡುವವರಲ್ಲ. ಮೂವತ್ತು ಜನಕ್ಕೂ ಕೇಳಿಸಿತು. ಹದಿನಾರು ವರ್ಷದಿಂದ ದಿನಾ ಮುದ್ದೆ ತೊಳಸಿ ರಟ್ಟೆ ಗಟ್ಟಿಯಾದವಳು ನಾನು! ಆ ಗಂಡಸಿನ ನುಣ್ಣನೆ ಮುದ್ದೆಯನ್ನು ನೋಡಿ ನನಗಾದ ಹೊಟ್ಟೆಕಿಚ್ಚು ಇಷ್ಟು ಅಷ್ಟು ಅಲ್ಲ. ಗಂಟು ಸಿಗಲಿ ಅಂತ ಚಿವುಟಿ ಚಿವುಟಿ ಹುಡುಕಿದೆ. ಒಂದೂ ಇರಲಿಲ್ಲ.

ನನ್ನ ಪಕ್ಕದ ಎಲೆಯಲ್ಲಿ ಕೂತಿದ್ದವರು ಸುವರ್ಣಾ ಟೀಚರ್. ನಲವತ್ತೆರಡು ವರ್ಷ, ಮದುವೆಯಾಗಿಲ್ಲ, ಸೀರೆಯ ಕೆಳಗೆ ಬಿಳಿ ಶೂ ಹಾಕಿಕೊಂಡು ಪಟಪಟ ನಡೆಯುತ್ತಾರೆ, ಹಿಂದಿ ಬರುತ್ತದೆ. ಎಲ್ಲರಿಗೂ ಅವರೇ ದುಭಾಷಿ. "ಯಾವೂರು?" ಅಂದೆ. "ಕನಕಪುರ" ಅಂದರು. ನನ್ನ ಬಾಯಿಯ ತುತ್ತು ಅಲ್ಲೇ ನಿಂತಿತು. ಪಾಪ, ಅವರ ತಪ್ಪೇನಿತ್ತು? ಆದರೆ ಆ ಊರಿನ ಹೆಸರು ಕೇಳಿದರೆ ಸಾಕು, ನನಗೆ ಮೈ ಉರಿಯುತ್ತಿತ್ತು.

ಪೋಖರಾ

ಬೆಟ್ಟ ಅಂದರೆ ನಮಗೆ ಬಂಡೆ. ರಾಮನಗರದ ಸುತ್ತ ಇರುವಂಥ, ಬಿಸಿಲಿಗೆ ಕಾದ ಬಂಡೆ. ಪೋಖರಾದಲ್ಲಿ ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಆಕಾಶದ ಅರ್ಧಕ್ಕೆ ಬೆಳ್ಳನೆ ಏನೋ ನಿಂತಿತ್ತು. ಮೋಡ ಅಂದುಕೊಂಡೆ. ಅದು ಅಲುಗಲಿಲ್ಲ. "ಇಷ್ಟು ಎತ್ರುಕ್ಕೆ ಹೋಗಿ ಸುಣ್ಣ ಬಳ್ದವ್ರಲ್ಲೆ!" ಅಂದರು ಅತ್ತೆ. ನಾನು ಕೈಮುಗಿದೆ. ಬೇರೇನೂ ತೋಚಲಿಲ್ಲ.

ಹಿಂದಿನ ದಿನ ಘಾಟಿಯಲ್ಲಿ ಮಳೆ ಹೊಡೆದು ಬಸ್ಸಿನ ಮೇಲಿದ್ದ ಟಾರ್ಪಾಲು ಹರಿದಿತ್ತು. ರಾಗಿಹಿಟ್ಟಿನ ಮೂಟೆಗಳೆಲ್ಲ ನೆನೆದು ಗಾರೆಯಾಗಿದ್ದವು. ರಂಗಸ್ವಾಮಿ ಅವುಗಳ ಮುಂದೆ ಸಾವಿನ ಮನೆಯಲ್ಲಿ ಕೂತವರ ಹಾಗೆ ಕೂತಿದ್ದರು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸ್ವಲ್ಪ ಸಂತೋಷವಾಯಿತು.

ನಾವು ಇಳಿದುಕೊಂಡ ಮನೆಯ ಹೆಂಗಸು ಅಂಗಳದಲ್ಲಿ ಚಾಪೆ ಹಾಸಿ ಏನೋ ಒಣಗಿಸುತ್ತಿದ್ದಳು. ಹತ್ತಿರ ಹೋಗಿ ಕೈಗೆ ತೆಗೆದುಕೊಂಡೆ. ರಾಗಿ! ಅವರು ಅದಕ್ಕೆ ಕೋದೋ ಅನ್ನುತ್ತಾರೆ. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಕೈಯಲ್ಲಿ ತೊಳಸುವ ಹಾಗೆ ಮಾಡಿ ತೋರಿಸಿದೆ. ಅವಳು ನಗುತ್ತಾ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಕುದಿಯುವ ನೀರಿಗೆ ಹಿಟ್ಟು ಸುರಿದು ಮರದ ಚಪ್ಪಟೆ ಸೌಟಿನಲ್ಲಿ ತೊಳಸಿದಳು. ಉಂಡೆ ಕಟ್ಟಲಿಲ್ಲ, ಹಾಗೆಯೇ ತಟ್ಟೆಗೆ ಎತ್ತಿ ಹಾಕಿದಳು. ಆಮೇಲೆ ಚೂರು ಮುರಿದು, ಸೊಪ್ಪಿನ ಸಾರಿಗೆ ಅದ್ದಿ, ಅಗಿಯದೆ ನುಂಗಿದಳು. ಅಗಿಯದೆ! ಅಷ್ಟು ದೂರ ಹೋಗಿ ನುಂಗುವ ಜನವನ್ನು ಕಂಡೆನಲ್ಲ ಅಂತ ನನಗೆ ಕಣ್ಣಲ್ಲಿ ನೀರು ಬಂತು.

ಅವಳ ಮನೆಯ ಹಿಟ್ಟಿನಲ್ಲಿ ಅವತ್ತು ಮೂವತ್ತು ಜನಕ್ಕೆ ಮುದ್ದೆ ಮಾಡಿದವಳು ನಾನು. ರಂಗಸ್ವಾಮಿ ಪಕ್ಕದಲ್ಲಿ ನಿಂತು ಕೈಗೆ ತಣ್ಣೀರು ಕೊಟ್ಟರು. ಕೊನೆಕೊನೆಗೆ ನಾನು ತೊಳಸಿದ್ದನ್ನು ಅವರು ಉಂಡೆ ಕಟ್ಟಿದರು. ಬಿಸಿ ಹಿಟ್ಟು ಕೈಯಿಂದ ಕೈಗೆ ಹೋಗುತ್ತಿತ್ತು ಅಷ್ಟೇ.

ಅತ್ತೆ ಉಂಡು ಅಂದರು, "ರಂಗಸ್ವಾಮಿ, ಇವತ್ತಂತೂ ಬೆಣ್ಣೆ ಆಗೈತೆ ಕಣಪ್ಪ!"

"ನಾನಲ್ಲವ್ವ, ನಿಮ್ಮ ಸೊಸೆ ಮಾಡಿದ್ದು. ನನ್ನದಕ್ಕಿಂತ ವಾಸಿ ಐತೆ."

ಅತ್ತೆ ಇನ್ನೊಂದು ತುತ್ತು ನುಂಗಿದರು. ಯೋಚನೆ ಮಾಡಿದರು. "ಒಸಿ ಗಟ್ಟಿಯಾಯ್ತು" ಅಂದರು.

ಅವತ್ತಿನಿಂದ ಒಂದು ಪದ್ಧತಿ ಶುರುವಾಯಿತು. ದೇವರ ಎಡೆ ತೆಗೆದಿಟ್ಟ ಮೇಲೆ, ಪಂಕ್ತಿಗೆ ಬಡಿಸುವ ಮುಂಚೆ, ರಂಗಸ್ವಾಮಿ ಸೌಟು ಹಿಡಿದು ನನ್ನ ಹತ್ತಿರ ಬರುತ್ತಿದ್ದರು. "ಸರೋಜಮ್ಮೋರೆ, ಕೈ ಒಡ್ಡಿ." ಅಂಗೈಗೆ ಎರಡು ಹನಿ ಸಾರು ಬಿಡುತ್ತಿದ್ದರು. "ಉಪ್ಪು? ಹುಳಿ?" ನಾನು ನೆಕ್ಕಿ ಹೇಳುತ್ತಿದ್ದೆ. ಹನ್ನೆರಡು ವರ್ಷದ ಸಂಸಾರದಲ್ಲಿ ನಾನು ಮಾಡಿದ್ದಕ್ಕೆ ಎಲ್ಲರೂ ರುಚಿ ಹೇಳಿದರು. ಬೇರೆಯವರು ಮಾಡಿದ್ದಕ್ಕೆ ನನ್ನ ನಾಲಿಗೆಯನ್ನು ಕೇಳಿದವರು ಇರಲಿಲ್ಲ. ರಂಗಸ್ವಾಮಿ ಅತ್ತೆಯ ಹತ್ತಿರ ನನ್ನ ವ್ರತ, ಉಪವಾಸ, ಯಾವ ವಾರ ಏನು ತಿನ್ನುವುದಿಲ್ಲ ಎಂಬುದನ್ನೆಲ್ಲ ಕೇಳಿಕೊಂಡರಂತೆ. ನನಗೆ ಗೊತ್ತಿಲ್ಲದ ಹಾಗೆ ಸೆರಗು ಸರಿಮಾಡಿಕೊಳ್ಳುವ ಅಭ್ಯಾಸವೊಂದು ನನಗೆ ಬಂತು.

ಮುಕ್ತಿನಾಥ

ಅಷ್ಟು ಎತ್ತರದಲ್ಲಿ ಗಿಡಮರವಿಲ್ಲ, ಉಸಿರೂ ಅರ್ಧವೇ ಸಿಗುತ್ತದೆ. ಗುಡಿಯ ಹಿಂದೆ ನೂರೆಂಟು ಗೋಮುಖಗಳಿಂದ ಹಿಮದ ನೀರು ಸುರಿಯುತ್ತದೆ. ಒಂದೊಂದರ ಕೆಳಗೂ ತಲೆ ಕೊಟ್ಟು ಓಡಬೇಕು. ಅತ್ತೆ ಕಂಬಳಿ ಹೊದ್ದು ಗಂಟಿನ ಹಾಗೆ ಕೂತು ಕೂಗುತ್ತಿದ್ದರು. "ನನ್ನ ಪಾಲಿಂದೂ ನೀನೇ ಮುಳುಗೇ!" ನಾನು ನಾರಾಯಣ, ನಾರಾಯಣ ಅಂತ ಶುರು ಮಾಡಿದೆ. ಹತ್ತನೆಯದಕ್ಕೆ ನಾ ಅಂತಷ್ಟೇ ಬರುತ್ತಿತ್ತು. ಇಪ್ಪತ್ತನೆಯದಕ್ಕೆ ಅದೂ ನಿಂತು ಬರೀ ಹಲ್ಲು ಕಟಕಟ ಅನ್ನುತ್ತಿತ್ತು. ದೇವರು ಅದನ್ನೇ ನಾಮ ಅಂತ ಲೆಕ್ಕ ಹಿಡಿದಿರಬೇಕು.

ಸೀರೆ ಬದಲಾಯಿಸಿ ನಡುಗುತ್ತಾ ಕೆಳಗಿನ ವಸತಿಗೆ ಬಂದೆ. ಮಧ್ಯಾಹ್ನದ ಅಡುಗೆ ಮುಗಿದಿತ್ತು. ರಂಗಸ್ವಾಮಿ ಸೌಟು ಹಿಡಿದು ಬಂದರು. ನಾನು ಬಲಗೈ ಸೆರಗಿನಲ್ಲಿ ಒರೆಸಿಕೊಂಡು ಸಿದ್ಧವಾದೆ. ಅವರು ನನ್ನನ್ನು ಒಂದು ಸಲ ನೋಡಿ, ನನ್ನನ್ನು ದಾಟಿಕೊಂಡು ಹೋಗಿ ಸುವರ್ಣಾ ಟೀಚರ ಮುಂದೆ ನಿಂತರು.

"ಟೀಚರೇ, ಒಸಿ ಉಪ್ಪು ನೋಡಿ."

ಟೀಚರು ನೆಕ್ಕಿದರು. "ಫಸ್ಟ್ ಕ್ಲಾಸ್ ರಂಗಣ್ಣ!" ಅಂದರು.

ನನ್ನ ಕೈ ಹಾಗೇ ಗಾಳಿಯಲ್ಲಿತ್ತು. ಹಿಮದ ನೀರಿನಲ್ಲಿ ಮಿಂದು ಬಂದವಳಿಗೆ ಕಿವಿಯವರೆಗೆ ಬಿಸಿ ಏರಿತು. ಊಟಕ್ಕೆ ಕೂತು ಅನ್ನವನ್ನು ಮೂರು ಸಲ ಹಾಕಿಸಿಕೊಂಡು ಸಿಟ್ಟಿಗೇ ತಿಂದೆ. ಮೂರನೆಯ ಸಲ ಬಡಿಸುವಾಗ ರಂಗಸ್ವಾಮಿ ಏನೋ ಹೇಳಲು ಬಾಯಿ ತೆರೆದರು. ನನ್ನ ಮುಖ ನೋಡಿ ಮುಚ್ಚಿಕೊಂಡರು.

ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಕೂತೆ. ಅವತ್ತು ಅವರ ಸೀಮೆಯಲ್ಲಿ ನಾಯಿಗಳ ಹಬ್ಬವಂತೆ. ಬೀದಿ ನಾಯಿಯೊಂದು ಕೊರಳಿಗೆ ಚೆಂಡುಹೂವಿನ ಹಾರ, ಹಣೆಗೆ ಕುಂಕುಮ ಹಾಕಿಸಿಕೊಂಡು ಬಂದು ನನ್ನ ಎದುರು ಕೂತಿತು. ಹೊಟ್ಟೆ ತುಂಬ ತಿಂದಿತ್ತು, ಕಣ್ಣು ಅರೆಮುಚ್ಚಿತ್ತು. ನಲವತ್ತು ದಾಟಿದ ಹೆಂಗಸು ನಾಯಿಯನ್ನು ನೋಡಿ ಹೊಟ್ಟೆಕಿಚ್ಚು ಪಡಬಹುದೆಂದು ನನಗೆ ಅವತ್ತೇ ಗೊತ್ತಾದದ್ದು.

ಮನಸ್ಸು ತಣ್ಣಗಾಗಲಿ ಅಂತ ಅಭ್ಯಾಸದ ಪ್ರಕಾರ ಆ ಇನ್ನೊಬ್ಬಳನ್ನು, ಫೋಟೊದವಳನ್ನು, ಬೈಯೋಣ ಅಂದುಕೊಂಡೆ. ಮೂಗುಬೊಟ್ಟು ಎಡಕ್ಕಿತ್ತೋ ಬಲಕ್ಕಿತ್ತೋ? ನೆನಪಾಗಲಿಲ್ಲ. ನಾಲ್ಕು ದಿನದಿಂದ ಆ ಫೋಟೊ ತೆರೆದಿಲ್ಲವೆಂದು ಆಗ ಹೊಳೆಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ! ಮುಕ್ತಿನಾಥನ ಹತ್ತಿರ ಬಿಡುಗಡೆ ಕೇಳಿಕೊಂಡಿದ್ದೆ. ಅವನು ಒಂದು ಕನಕಪುರದಿಂದ ಬಿಚ್ಚಿ ಇನ್ನೊಂದು ಕನಕಪುರಕ್ಕೆ ಕಟ್ಟಿಹಾಕಿದ್ದ. ನಗಬೇಕೋ ಅಳಬೇಕೋ ತಿಳಿಯದೆ ಆ ನಾಯಿಗೇ ಕೈಮುಗಿದು ಎದ್ದೆ.

ಮರುದಿನ ರಂಗಸ್ವಾಮಿ ಸೌಟು ಹಿಡಿದು ನನ್ನ ಹತ್ತಿರವೇ ಬಂದರು. "ನಾಲ್ಗೆ ಕೆಟ್ಟೋಗೈತೆ, ನಂಗೊತ್ತಾಗಲ್ಲ" ಅಂತ ಮುಖ ತಿರುಗಿಸಿದೆ. ಅವರು ಟೀಚರ ಹತ್ತಿರ ಹೋದರು. ನಾನೇ ದಾರಿ ಮಾಡಿಕೊಟ್ಟಂತಾಯಿತು. ಅದಕ್ಕೂ ಸಿಟ್ಟು ಬಂತು.

ಕಠ್ಮಂಡು

ಪಶುಪತಿನಾಥನ ಮುಂದೆ ನಿಂತಾಗ ಲೋಕಕ್ಕೆಲ್ಲ ಒಳ್ಳೆಯದಾಗಲಿ ಅಂತ ಕೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ. "ಸ್ವಾಮಿ, ಆ ಟೀಚರಿಗೆ ಒಳ್ಳೇದು ಮಾಡು, ಆದರೆ ಬೇರೆ ಎಲ್ಲಾದರೂ ಮಾಡು." ಅತ್ತೆ ಪಕ್ಕದಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು, "ಬಂದಿವ್ನಿ ಕಣಪ್ಪ, ಸುಳ್ಳಲ್ಲ, ನೋಡ್ಕೋ."

ಮರುದಿನ ನಾವು ಇಳಿದುಕೊಂಡಿದ್ದ ಮನೆಯಲ್ಲಿ ಬೆಳಿಗ್ಗೆಯಿಂದಲೇ ಗಡಿಬಿಡಿ. ದೀಪಾವಳಿ ಅಲ್ಲಿ ಐದು ದಿನ. ಕೊನೆಯ ದಿನ ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಬೊಟ್ಟು ಇಡುತ್ತಾರೆ. ಸುತ್ತ ಎಣ್ಣೆಯ ಗೆರೆ ಎಳೆದು, ಹೊಸ್ತಿಲಲ್ಲಿ ಕಾಯಿ ಒಡೆದು, ಹಣೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಏಳು ಬಣ್ಣದ ಬೊಟ್ಟು. ಕೊರಳಿಗೆ ಒಣಗಿದರೂ ಬಣ್ಣ ಬಿಡದ ನೇರಳೆ ಹೂವಿನ ಹಾರ. ಇಟ್ಟಮೇಲೆ ಮುಗಿಯಿತು, ಜನ್ಮವೆಲ್ಲ ಅವನು ಅಣ್ಣ, ಇವಳು ತಂಗಿ. ಮನೆಯೊಡತಿ ದಪ್ಪನೆಯ ನಗುಮುಖದ ಹೆಂಗಸು. ಹಬ್ಬದ ದಿನ ತನ್ನ ಮನೆಯಲ್ಲಿರುವ ಗಂಡಸು ಯಾರೂ ಬರೀ ಹಣೆಯಲ್ಲಿ ಹೋಗಕೂಡದು, ನಿಮ್ಮ ಹೆಂಗಸರೇ ಇಡಲಿ ಅಂದಳಂತೆ. ಟೀಚರು ಕನ್ನಡದಲ್ಲಿ ಹೇಳಿದರು. ನಮ್ಮ ಬಸ್ಸಿನ ಗಂಡಸರಲ್ಲಿ ಒಂಟಿಯಾಗಿ ಬಂದಿದ್ದ ಆರು ಜನ ನಡುಮನೆಯಲ್ಲಿ ಸಾಲಾಗಿ ಕೂತರು. ಕೊನೆಗೆ ಕೂತವರು ರಂಗಸ್ವಾಮಿ.

ಆಗ ನನ್ನ ತಲೆಗೆ ಬಂದ ಬುದ್ಧಿಯನ್ನು ಬರೆಯಲು ಈಗಲೂ ನಾಚಿಕೆ. ಆದರೂ ಬರೆಯುತ್ತೇನೆ.

"ಟೀಚರೇ, ನಿಮ್ಗೆ ಒಡಹುಟ್ಟಿದವ್ರು ಯಾರೂ ಇಲ್ಲ ಅಂದಿದ್ರಲ್ಲ. ಮೊದ್ಲು ನೀವೇ ಇಡಿ. ಆ ಕೊನೇಲಿ ಕೂತವ್ರೆ ನೋಡಿ, ಅವ್ರಿಂದ್ಲೇ ಶುರು ಮಾಡಿ."

"ರಂಗಣ್ಣಂಗಾ? ಅಯ್ಯೋ, ಅದಕ್ಕಿಂತ ಇನ್ನೇನು ಬೇಕು!"

ಟೀಚರು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ಕೂತು ಏಳೂ ಬಣ್ಣ ಇಟ್ಟರು, ಹಾರ ಹಾಕಿದರು, ಕಣ್ಣು ಒರೆಸಿಕೊಂಡರು. ಅಣ್ಣನಾದವನು ಉಡುಗೊರೆ ಕೊಡಬೇಕು. ರಂಗಸ್ವಾಮಿ ಜೇಬಿಗೆಲ್ಲ ಕೈ ಹಾಕಿ ಕೊನೆಗೆ ಒಂದು ಹಿಡಿ ಏಲಕ್ಕಿ ಕೊಟ್ಟರು. ಅಡುಗೆಯವರ ಜೇಬಿನಲ್ಲಿ ಇನ್ನೇನಿರುತ್ತದೆ? "ನಂಗೂ ಒಬ್ಳು ತಂಗಿ ಸಿಕ್ಕಿದ್ಲು ಬುಡಿ" ಅಂದರು.

ನನ್ನ ಎದೆಯ ಮೇಲಿದ್ದ ಕಲ್ಲು ಉರುಳಿತು. ಟೀಚರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಕನಕಪುರದಲ್ಲೂ ಒಳ್ಳೆಯವರು ಹುಟ್ಟುತ್ತಾರೆ ಅನ್ನಿಸಿತು. ಪಶುಪತಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕುತ್ತಾ ನಿಂತಿದ್ದೆ. ಅಷ್ಟರಲ್ಲಿ ಮನೆಯೊಡತಿ ನನ್ನ ಮಣಿಕಟ್ಟು ಹಿಡಿದು ಬಣ್ಣದ ತಟ್ಟೆಯನ್ನು ಕೈಗೆ ಇಟ್ಟಳು. ಈಗ ನೀನು ಅಂದಳು.

ಇದನ್ನು ನಾನು ಯೋಚಿಸಿರಲಿಲ್ಲ.

ಮೊದಲನೆಯವರು ನಿವೃತ್ತ ಕಂಡಕ್ಟರು. ಇಟ್ಟೆ. ಎರಡನೆಯವರು, ಮೂರನೆಯವರು. ಆಶೀರ್ವಾದ ಮಾಡಿದರು. ಐದನೆಯವರದ್ದೂ ಆಯಿತು. ಕೊನೆಗೆ ರಂಗಸ್ವಾಮಿಯವರ ಮುಂದೆ ಮಂಡಿಯೂರಿ ಕೂತೆ. ಹಣೆಯ ಮೇಲೆ ಟೀಚರು ಇಟ್ಟ ಬಣ್ಣ ಇನ್ನೂ ಹಸಿಯಾಗಿತ್ತು. ಅವರು ತಲೆ ತಗ್ಗಿಸಿಕೊಂಡೇ ಇದ್ದರು. ನನ್ನ ಬೆರಳಿನಲ್ಲಿ ಹಳದಿ ಇತ್ತು. ಹಣೆಗೂ ಬೆರಳಿಗೂ ಎರಡು ಅಂಗುಲ ಇರುವಾಗ ಅವರು ತಲೆ ಎತ್ತಿ ನನ್ನನ್ನು ನೋಡಿದರು. ಬೇಡ ಅಂತ ಬಾಯಲ್ಲಿ ಅನ್ನಲಿಲ್ಲ.

ಬೆರಳು ಮುಂದೆ ಹೋಗಲಿಲ್ಲ. ತಳ್ಳಿದೆ. ಹೋಗಲಿಲ್ಲ. ಮನೆಯೊಡತಿ "ಲಗಾವೋ, ಲಗಾವೋ" ಅನ್ನುತ್ತಿದ್ದಳು. ಮೂವತ್ತು ಜನ ನೋಡುತ್ತಿದ್ದರು.

"ಯಾಕೆ ಸರೋಜಮ್ಮ, ಏನಾಯ್ತು?" ಅಂದರು ಟೀಚರು.

ನನ್ನ ಬಾಯಿಂದ ಬಂದ ಮಾತು ಇದು: "ನಂಗೆ ಊರಲ್ಲಿ ಒಬ್ಬ ಅಣ್ಣ ಅವ್ನೆ. ಅವನೇ ಸಾಕು."

ಕಂಡಕ್ಟರು ಕೆಮ್ಮಿದರು. ಯಾರೋ ಹೆಂಗಸು ಸೆರಗು ಬಾಯಿಗಿಟ್ಟುಕೊಂಡಳು. ಟೀಚರು ಮನೆಯೊಡತಿಗೆ ಹಿಂದಿಯಲ್ಲಿ ಏನೋ ಹೇಳಿದರು. ಅವಳು ಬಾಯಿ ತೆರೆದು, ನನ್ನನ್ನು ನೋಡಿ, ರಂಗಸ್ವಾಮಿಯವರನ್ನು ನೋಡಿ, ಎರಡೂ ಕೈ ಸೇರಿಸಿ ಚಪ್ಪಾಳೆ ಹೊಡೆದಳು.

"ಏನಂದ್ಲು? ಏನಂತೆ?" ಅಂತ ಅತ್ತೆ ಎಲ್ಲರನ್ನೂ ತಿವಿಯುತ್ತಿದ್ದರು. ಟೀಚರು ಅವರ ಕಿವಿಯ ಹತ್ತಿರ ಬಗ್ಗಿ ಬೀದಿಗೆ ಕೇಳುವ ಹಾಗೆ ಕೂಗಿದರು.

"ರಂಗಣ್ಣ ಅಣ್ಣ ಆಗೋದು ಬ್ಯಾಡ್ವಂತೆ!"

ತಟ್ಟೆ ಅಲ್ಲೇ ಇಟ್ಟು ಅಡುಗೆಮನೆಗೆ ಓಡಿದೆ. ಹಳದಿ ಬೆರಳನ್ನು ತೊಳೆಯುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಬಾಗಿಲ ಹೊರಗೆ ರಂಗಸ್ವಾಮಿ ಬಂದು ನಿಂತರು. ಒಳಗೆ ಬರಲಿಲ್ಲ.

"ಸರೋಜಮ್ಮೋರೆ, ಅವತ್ತು ಬೆಟ್ಟದ ಮೇಲೆ ನಿಮ್ಮನ್ನ ರುಚಿ ಕೇಳ್ಲಿಲ್ಲ ಅಂತ ಕ್ವಾಪ ಬಂತಾ?"

ನಾನು ಬೆರಳು ಉಜ್ಜುತ್ತಲೇ ಇದ್ದೆ.

"ಅವತ್ತು ಸೋಮವಾರ. ಸೋಮವಾರ ದೀಪ ಹಚ್ಚೋಗಂಟ ನೀವು ಏನೂ ಮುಟ್ಟಾಕಿಲ್ಲ ಅಂತ ಅವ್ವ ಅಂದಿದ್ರು. ಉಪ್ವಾಸದವ್ರ ಕೈಗೆ ಹೆಂಗೆ ಸಾರು ಬುಡ್ಲಿ? ಅದುಕ್ಕೇ ಟೀಚರ್ನ ಕೇಳ್ದೆ. ಆಮೇಲೆ ನೀವು ಎಲೆ ಮುಂದೆ ಕೂತು ಮೂರು ಸಲ ಹಾಕುಸ್ಕಂಡ್ರಿ. ಹೇಳೋಣ ಅಂದ್ರೆ ನಿಮ್ಮ ಮೊಕ ನೋಡಿ ಹೆದ್ರಿಕೆ ಆಯ್ತು."

ಹಣೆ ಹಣೆ ಚಚ್ಚಿಕೊಂಡೆ. ಬೆಟ್ಟ ಹತ್ತಿದ ಮೇಲೆ ವಾರವೇ ಮರೆತುಹೋಗಿತ್ತು. ಹದಿನಾರು ವರ್ಷ ತಪ್ಪದ ಉಪವಾಸವನ್ನು ಹೊಟ್ಟೆಕಿಚ್ಚಿನಲ್ಲಿ ಮೂರು ಸಲ ಅನ್ನ ಹಾಕಿಸಿಕೊಂಡು ಮುರಿದಿದ್ದೆ, ಅದೂ ಮುಕ್ತಿನಾಥನ ಕಾಲ ಬುಡದಲ್ಲಿ! ನಾನು ಮರೆತದ್ದನ್ನು ಈ ಮನುಷ್ಯ ನೆನಪಿಟ್ಟುಕೊಂಡಿದ್ದರು.

"ಇದುನ್ನ ಅವತ್ತೇ ಹೇಳೋಕೇನಾಗಿತ್ತು?" ಅಂದೆ.

"ನೀವು ಕೇಳೋಕೇನಾಗಿತ್ತು?" ಅಂದರು.

ಇಬ್ಬರಿಗೂ ನಗು ಬಂತು. ಆದರೆ ನನ್ನ ನಗು ಪೂರ್ತಿ ಬರುವ ಮುಂಚೆಯೇ ನಿಂತಿತು. ಅತ್ತೆಯ ನೆನಪಾಯಿತು. ಎಪ್ಪತ್ತು ದಾಟಿದ ಜೀವ, ಹೆತ್ತ ಮಗನನ್ನು ದೂರ ಮಾಡಿಕೊಂಡು ನನ್ನ ಕಡೆ ನಿಂತವರು. ಅವರ ಕಣ್ಣೆದುರಿಗೇ ನಾನು ಹೀಗೆ ಮಾಡಿದೆನಲ್ಲ.

ಸಂಜೆ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದೆ. ಅವರು ಸೀರೆ ಸರಿಸಿ ಇನ್ನೊಂದು ಕಾಲನ್ನೂ ಚಾಚಿದರು. ಆಮೇಲೆ ಕೇಳಿದರು.

"ನನ್ನ ಬುಟ್ಟು ಹೊಂಟೋಯ್ತೀಯೇನೆ?"

"ಇಲ್ಲತ್ತೆ. ಎಲ್ಲೂ ಹೋಗಲ್ಲ."

"ಥೂ ನಿನ್ನ. ಹೋಗ್ದೆ ಇನ್ನೇನು ಮಾಡ್ತೀಯಾ? ಆ ಫೋಟೊ ಹಿಗ್ಗುಸ್ತಾ ಕೂತಿರ್ತೀಯಾ? ನಂಗೆ ಕಿವಿ ಮಂದ ಕಣೆ, ಕಣ್ಣಲ್ಲ."

ನನಗೆ ಅಳು ಬಂತು. ಎಣ್ಣೆಯ ಕೈಯಲ್ಲೇ ಮುಖ ಒರೆಸಿಕೊಂಡೆ.

"ಅಳ್ಬೇಡ. ನಿನ್ನ ಜೊತೇಲಿ ನಾನೂ ಬತ್ತೀನಿ" ಅಂದರು ಅತ್ತೆ. "ಅವ್ನ ಕೈ ಹಿಟ್ಟು ನಿನ್ನದಕ್ಕಿಂತ ವಾಸಿ."

ಮತ್ತೆ ವಿರೂಪಾಕ್ಷಿಪುರ

ನೇಪಾಳ ಅಂದದ್ದನ್ನು ನಂಬದೆ ದೀಪಾವಳಿಗೆ ಅತ್ತೆಯ ಮಗ ಮತ್ತು ಅವಳು ಬಂದಿದ್ದರಂತೆ. ಬೀಗ ನೋಡಿ ಎದುರುಮನೆಯಲ್ಲಿ ಸಿಹಿ ಡಬ್ಬಿ ಇಟ್ಟು ಹೋದರಂತೆ. ಎದುರುಮನೆಯವಳು ಡಬ್ಬಿ ಕೊಟ್ಟು, ನಾನು ಕೇಳುತ್ತೇನೆ ಅಂತ ಕಾದು ನಿಂತಿದ್ದಳು. ಆ ಫೋಟೊದವಳು ಹೇಗಿದ್ದಳು, ಏನು ಉಟ್ಟಿದ್ದಳು, ಮಾತು ಹೇಗೆ. ನಾನು ಡಬ್ಬಿ ತೆಗೆದುಕೊಂಡು ಒಳಗೆ ಬಂದುಬಿಟ್ಟೆ. ಕೇಳಲಿಲ್ಲವಲ್ಲ ಅಂತ ನೆನಪಾದದ್ದು ಮರುದಿನ ಅಂಗಳ ಗುಡಿಸುವಾಗ.

ಆದರೆ ನನ್ನ ಹೊಟ್ಟೆಗೆ ಕಿಚ್ಚಿಲ್ಲದೆ ಇದ್ದು ಅಭ್ಯಾಸವಿಲ್ಲ. ರಂಗಸ್ವಾಮಿ ದಿನಾ ಬೆಳಿಗ್ಗೆ ಫೋನು ಮಾಡತೊಡಗಿದರು. ನನಗಲ್ಲ, ಅತ್ತೆಗೆ. ಮಂಡಿ ನೋವು ಹೇಗಿದೆ, ತಿಪ್ಪಸಂದ್ರದಲ್ಲಿ ಮೋಡ ಹಾಕಿದೆ, ನಿನ್ನೆ ಮದುವೆಯಲ್ಲಿ ಪಾಯಸ ಸಾಲದೆ ಬಂತು. ಇಬ್ಬರೂ ಅರ್ಧ ಗಂಟೆ ಹರಟುತ್ತಿದ್ದರು, ನಗುತ್ತಿದ್ದರು. "ಸರೋಜಮ್ಮೋರು ಹೆಂಗವ್ರೆ?" ಅಂತ ಒಂದು ಮಾತು ಬೇಡವೇ? ಒಂಬತ್ತು ದಿನ ಹೀಗೆ ನಡೆಯಿತು. ನಾನು ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ. ಅತ್ತೆಯ ಮೇಲೆ ಇಂಥ ಕಾರಣಕ್ಕೆ ಹೊಟ್ಟೆಕಿಚ್ಚು ಪಟ್ಟ ಸೊಸೆ ಚನ್ನಪಟ್ಟಣ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಹತ್ತನೆಯ ದಿನ ಹಿತ್ತಲಲ್ಲಿ ಜಮಖಾನೆ ಒಗೆಯುತ್ತಿದ್ದೆ. ಅತ್ತೆ ಬಾಗಿಲಲ್ಲಿ ಕೂತು ಫೋನಿನಲ್ಲಿ ಕಟ್ಟಳೆ ಹಾಕುತ್ತಿದ್ದರು. ಮದುವೆ ಅಂದರೆ ಗುಡಿಯಲ್ಲಿ, ಹತ್ತು ಜನದ ಮುಂದೆ. ಆಮೇಲೆ ಎಲ್ಲಿದ್ದರೂ ತನಗೊಂದು ಬೆಚ್ಚನೆ ಮೂಲೆ. ರಂಗಸ್ವಾಮಿ ಎಲ್ಲಕ್ಕೂ ಹೂಂ ಹೂಂ ಅಂದರು. ಆಮೇಲೆ ಅಂದರು,

"ಅವ್ವಾ, ನೀವು ಒಪ್ಪಿದ್ರಿ. ನನ್ನ ಮಗ್ಳೂ ಒಪ್ಪವ್ಳೆ. ಒಪ್ಬೇಕಾದವ್ರನ್ನ ಇನ್ನೂ ಯಾರೂ ಕೇಳಿಲ್ವಲ್ಲ. ನಂಗೆ ಧೈರ್ಯ ಸಾಲ್ದೆ ಇಷ್ಟು ದಿನ ನಿಮ್ಮ ಮಂಡಿನೇ ವಿಚಾರ್ಸ್ಕಂಡಿದ್ದೆ. ಒಸಿ ಅವ್ರಿಗೆ ಕೊಡಿ."

ಅತ್ತೆ ಫೋನು ಚಾಚಿದರು. "ನಿನ್ನೇ ಕೇಳ್ತಾವ್ನೆ. ಹೇಳು."

ಹದಿನಾರು ವರ್ಷದ ಹಿಂದೆ ನನ್ನ ಮೊದಲ ಮದುವೆಗೆ ಅಪ್ಪನನ್ನು ಕೇಳಿದ್ದರು, ಮಾವನನ್ನು ಕೇಳಿದ್ದರು, ಜೋಯಿಸರನ್ನು ಕೇಳಿದ್ದರು. ನನಗೆ ಹೇಳಿದ್ದರಷ್ಟೇ. ಈಗ ನನ್ನ ಎರಡೂ ಕೈಗೆ ಸೋಪಿನ ನೊರೆ ಹತ್ತಿತ್ತು. ಅತ್ತೆಯೇ ಫೋನು ಹಿಡಿದುಕೊಂಡರು.

"ಧನುರ್ಮಾಸ ಬಂದ್ರೆ ಒಂದು ತಿಂಗ್ಳು ಮದ್ವೆ ಮಾಡಂಗಿಲ್ಲ" ಅಂದೆ. "ಅದ್ರೊಳ್ಗೇ ಬನ್ನಿ."

ಆ ಕಡೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಅತ್ತೆ ಫೋನನ್ನು ಮಡಿಲಿಗೆ ಹಾಕಿಕೊಂಡು ನನ್ನನ್ನೂ, ಕಲ್ಲಿನ ಮೇಲಿನ ಜಮಖಾನೆಯನ್ನೂ ನೋಡಿದರು. ಅದನ್ನು ನಾವು ಬೀಗರು ಬಂದರೆ ಮಾತ್ರ ಹಾಸುವುದು.

"ಅವ್ನು ಕೇಳೋದ್ಕಿಂತ ಮುಂಚೇನೇ ಇದುನ್ನ ಯಾತುಕ್ಕೆ ಒಗಿಯಾಕೆ ಹಾಕ್ದೆ?"

"ಧೂಳಾಗಿತ್ತತ್ತೆ."

"ಹೂಂ, ಧೂಳು" ಅಂದರು ಅತ್ತೆ. ಸೆರಗು ಸಿಕ್ಕಿಸಿಕೊಂಡು ಎದ್ದು ಬಂದರು. ನೆನೆದ ಜಮಖಾನೆ ಒಬ್ಬರ ಕೈಗೆ ಬಗ್ಗುವುದಿಲ್ಲ. ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು ಹಿಡಿದೆ. ಅವರು ಎಡಕ್ಕೆ ತಿರುಚಿದರು, ನಾನು ಬಲಕ್ಕೆ.